ಗ್ಲೋರಿಯ ಹಾಡುವಾಗಲೂ ಮನಸ್ಸು ಒಣಗಿರುತ್ತದೆ, ಏನು ಮಾಡಲಿ?

ಪ್ರಶ್ನೆ: ಫಾದರ್, ನನಗೆ 41 ವರ್ಷ. ತವರು ಕನಕಪುರದ ಕಡೆ, ಮದುವೆಯಾಗಿ ಬೆಂಗಳೂರಿಗೆ ಬಂದು 17 ವರ್ಷ ಆಯಿತು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ, ನಮ್ಮ ಧರ್ಮಕೇಂದ್ರದ ಗಾಯನ ವೃಂದದಲ್ಲೂ ಇದ್ದೇನೆ. ಡಿಸೆಂಬರ್ ಬಂತೆಂದರೆ ವಾರಕ್ಕೆ ಮೂರು ದಿನ ಹಾಡಿನ ಅಭ್ಯಾಸ, ಮನೆಮನೆಗೆ ಕ್ಯಾರಲ್ಸ್, ಮಕ್ಕಳಿಗೆ ನಕ್ಷತ್ರ, ಗೋದಲಿ, ಕಜ್ಜಾಯ, ಕಲ್ಕಲ್. 24ರ ರಾತ್ರಿ ಪೂಜೆಯಲ್ಲಿ ಗ್ಲೋರಿಯ, ಅಂದರೆ ‘ದೇವರಿಗೆ ಮಹಿಮೆ’ ಎಂಬ ಹಾಡು ಎತ್ತಿಕೊಂಡಾಗ ಗಂಟೆಗಳೆಲ್ಲ ಮೊಳಗುತ್ತವೆ, ಪಕ್ಕದವರು ಕಣ್ಣೊರೆಸಿಕೊಳ್ಳುತ್ತಾರೆ, ನನ್ನ ಮನಸ್ಸು ಮಾತ್ರ ಒಣಗಿದ ಕಟ್ಟಿಗೆ. ಮೂರು ವರ್ಷದಿಂದ ಹೀಗೇ. ಈ ಆಗಸ್ಟ್‌ನಲ್ಲಿ ಅಪ್ಪ ತೀರಿಕೊಂಡರು. ಅಮ್ಮ ನನ್ನ ಜೊತೆ ಇದ್ದಾರೆ. ಜಮೀನಿನ ವಿಷಯಕ್ಕೆ ಅಣ್ಣನೂ ನಾನೂ ಮಾತು ಬಿಟ್ಟಿದ್ದೇವೆ. ಮೊಬೈಲಿನಲ್ಲಿ ಒಬ್ಬ ಬೋಧಕರು, 21 ದಿನ ಉಪವಾಸ ಮಾಡಿದರೆ ಕ್ರಿಸ್ಮಸ್ ರಾತ್ರಿ ದೇವರ ಮಹಿಮೆ ಕಣ್ಣಿಗೇ ಕಾಣುತ್ತದೆ, ಕಾಣದಿದ್ದರೆ ಒಳಗೆ ಮುಚ್ಚಿಟ್ಟ ಪಾಪ ಇದೆ ಎಂದರು. ನನಗೆ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಉಪವಾಸ ಮಾಡಲೇ? ನನ್ನ ವಿಶ್ವಾಸದಲ್ಲೇ ಏನಾದರೂ ದೋಷ ಇದೆಯೇ?

ಉತ್ತರ: ಸಹೋದರಿ, ಉಪವಾಸದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಅಪಾಯವಿದೆ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಬೆವರು, ಕೈನಡುಕ, ಕಣ್ಣುಕತ್ತಲೆ, ಕೊನೆಗೆ ಎಚ್ಚರ ತಪ್ಪುವುದೂ ಉಂಟು. ಉಪವಾಸವಿದೆಯೆಂದು ಮಾತ್ರೆಯನ್ನೇ ಬಿಟ್ಟರೆ ಸಕ್ಕರೆ ಏರುತ್ತದೆ. ಆದ್ದರಿಂದ ನಿಮ್ಮ ವೈದ್ಯರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ. ಧರ್ಮಸಭೆ ನಿಮ್ಮಿಂದ ಅದನ್ನು ಕೇಳಿಯೂ ಇಲ್ಲ. ಲತೀನ್ ವಿಧಿಯ ಕಥೋಲಿಕರಿಗೆ ವರ್ಷದಲ್ಲಿ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವಯಸ್ಸಿನವರಿಗೆ, ಕಾಯಿಲೆ ಇದ್ದವರಿಗೆ ವಿನಾಯಿತಿ. ಸಿರಿಯನ್ ಪರಂಪರೆಯ ಸಭೆಗಳಲ್ಲಿ ಕ್ರಿಸ್ಮಸ್‌ಗೆ ಮುಂಚೆ 25 ದಿನ ಮಾಂಸ, ಮೀನು ಬಿಡುವ ವ್ರತವಿದೆ. ಹಳೆಯದು, ಒಳ್ಳೆಯದು. ಆದರೆ ಇಷ್ಟು ದಿನ ಹಸಿದರೆ ಇಂಥ ದರ್ಶನ ಎಂಬ ಲೆಕ್ಕ ಅಲ್ಲಿಯೂ ಇಲ್ಲ. ಉಪವಾಸ ಮಾಡುವವರು ತಮ್ಮ ಹಸಿವನ್ನು ದೇವರ ಮುಂದೆ ಇಡುತ್ತಾರೆ, ಅದಕ್ಕೆ ಪ್ರತಿಯಾಗಿ ಏನು ಕೊಡಬೇಕೆಂಬುದನ್ನು ದೇವರಿಗೇ ಬಿಡುತ್ತಾರೆ.

ನೀವು ಬರೆದದ್ದರಲ್ಲಿ ಉಪವಾಸಕ್ಕಿಂತ ದೊಡ್ಡ ಭಯ ಒಂದಿದೆ: ಪಕ್ಕದವರಿಗೆಲ್ಲ ಸಿಕ್ಕಿದ್ದು ನನಗೆ ಯಾಕಿಲ್ಲ, ದೇವರು ನನ್ನಿಂದ ಮುಖ ತಿರುಗಿಸಿದ್ದಾರೆಯೇ ಎಂಬುದು. ಅದಕ್ಕೆ ಉತ್ತರ ಹೇಳಲು ‘ಮಹಿಮೆ’ ಎಂಬ ಮಾತನ್ನೇ ಸ್ವಲ್ಪ ಬಿಡಿಸಬೇಕು.

ಹಳೆಯ ಒಡಂಬಡಿಕೆಯಲ್ಲಿ ನಾವು ಮಹಿಮೆ ಎಂದು ಓದುವಲ್ಲಿ ಹೀಬ್ರೂ ಪದ ‘ಕಾವೋದ್’. ಅದರ ಮೂಲಾರ್ಥ ತೂಕ, ಭಾರ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ‘ಘನ’ ಎಂದರೆ ನಮಗೂ ಗಟ್ಟಿಯಾದದ್ದು, ಭಾರವಾದದ್ದು, ಗೌರವದ್ದು ಎಲ್ಲ ಒಂದೇ. ತೂಕದ ಮನುಷ್ಯ ಎನ್ನುವಾಗ ನಾವು ಅವನ ಹೊಳಪನ್ನು ಹೇಳುತ್ತಿಲ್ಲ. ಮೋಶೆ “ನಿಮ್ಮ ಮಹಿಮೆಯನ್ನು ತೋರಿಸಿ” ಎಂದು ಬೇಡಿದಾಗ (ವಿಮೋಚನಕಾಂಡ 33) ದೇವರು, ನನ್ನ ಒಳ್ಳೆಯತನವನ್ನೆಲ್ಲ ನಿನ್ನೆದುರು ಹಾಯಿಸುತ್ತೇನೆ ಎಂದರು. ಕೇಳಿದ್ದು ಮಹಿಮೆ, ತೋರಿಸಿದ್ದು ಒಳ್ಳೆಯತನ. ಅದೂ ಬಂಡೆಯ ಸಂದಿನಲ್ಲಿ ಮರೆಮಾಡಿ, ಹಿಂಬದಿಯನ್ನಷ್ಟೇ.

ಇನ್ನು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದಿ. ಮಹಿಮೆಯ ಬೆಳಕು ಸುತ್ತಲೂ ಹೊಳೆದದ್ದು ಹೊಲದಲ್ಲಿ, ಕುರುಬರ ಸುತ್ತ. ಅದನ್ನು ಕಂಡು ಅವರಿಗೆ ಆನಂದಬಾಷ್ಪ ಬರಲಿಲ್ಲ, ಭಯವಾಯಿತು. ದೂತನು ಅವರಿಗೆ ಕೊಟ್ಟ ಗುರುತು ಆ ಬೆಳಕಲ್ಲ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ದೂತರು ಹೊರಟುಹೋದ ಮೇಲೆ ಕುರುಬರು ಕತ್ತಲಲ್ಲಿ ಊರಿನ ಕಡೆ ನಡೆದರು. ಗೋದಲಿಯ ಬಳಿ ಬೆಳಕಿತ್ತು, ದೂತರಿದ್ದರು, ಹಾಡಿತ್ತು ಎಂದು ಲೂಕನು ಬರೆದಿಲ್ಲ. ನಮ್ಮ ಗೋದಲಿಗಳ ಮೇಲೆ ನಾವು ಸೀರಿಯಲ್ ಲೈಟು ಹಾಕುವುದರಿಂದ ಬೆಳಕು ಅಲ್ಲೇ ಇತ್ತೆಂದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಅವರು ಕಂಡದ್ದು ದಣಿದ ತಾಯಿ, ಪಕ್ಕದಲ್ಲಿ ಜೋಸೆಫ್, ದನದ ಮೇವಿನ ತೊಟ್ಟಿಯಲ್ಲಿ ಒಂದು ಮಗು. ಅದನ್ನೇ ಕಂಡು ದೇವರನ್ನು ಕೊಂಡಾಡುತ್ತ ಹಿಂತಿರುಗಿದರು. ಶುಭಸಂದೇಶ ಬರೆದ ಯೊವಾನ್ನನು “ವಾಕ್ಯವು ಮನುಷ್ಯರಾಗಿ ನಮ್ಮ ನಡುವೆ ಗುಡಾರ ಹಾಕಿದರು, ನಾವು ಅವರ ಮಹಿಮೆಯನ್ನು ಕಂಡೆವು” ಎಂಬರ್ಥದಲ್ಲಿ ಬರೆಯುವಾಗಲೂ ಅವನ ಕಣ್ಣಮುಂದೆ ಇರುವುದು ಶಿಲುಬೆಯವರೆಗಿನ ಇಡೀ ಬಾಳು. ನಿಮ್ಮ ತವರಿನ ಕಡೆಯೇ ಇರುವ ಹಾರೋಬೆಲೆಯವರು ಕಪಾಲಬೆಟ್ಟದಲ್ಲಿ ಆಡುವ ಯೇಸುಸ್ವಾಮಿಯ ಪಾಡಿನ ನಾಟಕಕ್ಕೆ ‘ಮಹಿಮೆ’ ಎಂದೇ ಹೆಸರಿಟ್ಟಿದ್ದಾರೆ. ಆ ಹೆಸರಿಟ್ಟ ಹಿರಿಯರು ಯೊವಾನ್ನನನ್ನು ಸರಿಯಾಗಿ ಓದಿಕೊಂಡಿದ್ದರು.

ಹೀಗಾಗಿ 24ರ ರಾತ್ರಿ ಕಣ್ಣು ತುಂಬಿತೋ ಇಲ್ಲವೋ ಎಂಬುದು ಮಹಿಮೆಯನ್ನು ಕಂಡಿರೋ ಇಲ್ಲವೋ ಎಂಬುದರ ಅಳತೆಯಾಗುವುದಿಲ್ಲ. ಕಣ್ಣೀರು ವರವೇ, ಬಂದರೆ ದೇವರಿಗೆ ಸ್ತೋತ್ರ. ಬಾರದಿದ್ದರೆ ಅದು ಪಾಪದ ಸಾಕ್ಷಿಯಲ್ಲ. ಪ್ರಾರ್ಥನೆಯ ಒಣತನಕ್ಕೆ ಲೊಯೋಲದ ಸಂತ ಇಗ್ನೇಷಿಯಸರು ಮೂರು ಕಾರಣ ಹೇಳಿದ್ದಾರೆ. ನಾವು ಪ್ರಾರ್ಥನೆಯಲ್ಲಿ ಸಡಿಲವಾಗಿರುವುದು ಒಂದು. ಸಿಹಿ ಸಿಗದಿದ್ದರೂ ನಾವು ಎಷ್ಟು ದೂರ ನಡೆಯುತ್ತೇವೆ ಎಂದು ದೇವರು ಪರೀಕ್ಷಿಸುವುದು ಎರಡನೆಯದು. ಸಮಾಧಾನ ನಮ್ಮ ಸಂಪಾದನೆಯಲ್ಲ, ಅವರ ದಾನ ಎಂದು ಕಲಿಸುವುದು ಮೂರನೆಯದು. ಮೂರರಲ್ಲಿ ಎರಡಕ್ಕೆ ನಿಮ್ಮ ತಪ್ಪಿನೊಂದಿಗೆ ಸಂಬಂಧವೇ ಇಲ್ಲ. ಆ ಬೋಧಕರು ಮೂರನ್ನೂ ಒಂದೇ ಮಾಡಿ, ಅದನ್ನೂ ಭಯವಾಗಿಸಿ ನಿಮ್ಮ ಮೇಲೆ ಹೊರಿಸಿದ್ದಾರೆ.

ನೀವು ಬರೆದದ್ದರಲ್ಲಿ ಇನ್ನೂ ನೇರವಾದ ಕಾರಣಗಳೂ ಕಾಣುತ್ತವೆ.

ಮೊದಲನೆಯದು ಗಾಯನ ವೃಂದದ ಹೊಣೆ. ಆ ರಾತ್ರಿ ನೀವು ಪೂಜೆಯಲ್ಲಿ ಇರುವುದು ಕೆಲಸದ ಮೇಲೆ. ಮುಂದಿನ ಹಾಡು ಯಾವುದು, ಶ್ರುತಿ ಎಲ್ಲಿ, ಕೀಬೋರ್ಡಿನವರು ಸನ್ನೆ ಕೊಟ್ಟರೇ, ಮೈಕ್ ಕಿರುಚುತ್ತಿದೆಯೇ, ಮನಸ್ಸು ಪೂರ್ತಿ ಅಲ್ಲಿ ಖರ್ಚಾಗುತ್ತದೆ. ಪಕ್ಕದವರು ಅಳುವುದು ನೀವು ಹಾಡಿದ್ದರಿಂದ. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ನಾಲ್ಕು ಭಾನುವಾರ ಧರ್ಮಸಭೆ ಗ್ಲೋರಿಯ ಹಾಡುವುದಿಲ್ಲ, ಅಲ್ಲೇಲೂಯವನ್ನಷ್ಟೇ ಉಳಿಸಿಕೊಳ್ಳುತ್ತದೆ. ಡಿಸೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬದಂಥ ದಿನ ಬಿಟ್ಟರೆ ಆ ಹಾಡಿಗೆ ಮೌನ. ಆ ಹಸಿವಿನ ಮೇಲೆಯೇ 24ರ ರಾತ್ರಿ ಅದು ಮೊಳಗಬೇಕು. ಗಾಯನ ವೃಂದದವರು ನವೆಂಬರ್‌ನಿಂದ ಅದನ್ನೇ ಅಭ್ಯಾಸ ಮಾಡಿರುತ್ತಾರೆ, ಆ ರಾತ್ರಿಯ ಹೊತ್ತಿಗೆ ಹಸಿವೇ ಉಳಿದಿರುವುದಿಲ್ಲ.

ಎರಡನೆಯದು ದಣಿವು. ಮೂರು ವಾರ ನಿದ್ದೆಗೆಟ್ಟ ದೇಹವನ್ನು ನಡುರಾತ್ರಿಯಲ್ಲಿ ನಿಲ್ಲಿಸಿ ಹೃದಯ ಅರಳಲಿ ಎಂದರೆ ಅದು ಎಲ್ಲಿಂದ ತರಬೇಕು? ಪ್ರವಾದಿ ಎಲೀಯನು ಜಾಲಿಯಂಥ ಗಿಡದ ಕೆಳಗೆ ಬಿದ್ದು, ಸಾಕು, ಸಾಯುತ್ತೇನೆ ಎಂದಾಗ (1 ಅರಸುಗಳು 19) ದೇವದೂತನು ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು, ಮತ್ತೆ ನಿದ್ದೆ, ಮತ್ತೆ ಊಟ. ದೇವರು ಸುಳಿದುಹೋದ ಮೆಲುದನಿ ಕೇಳಿಸಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಮೂರನೆಯದು ಅಪ್ಪ. ನಾಲ್ಕು ತಿಂಗಳ ದುಃಖ ಅಳುವಾಗಿಯೇ ಹೊರಗೆ ಬರಬೇಕೆಂದಿಲ್ಲ, ಮರಗಟ್ಟಿಸಿಯೂ ಬಿಡುತ್ತದೆ. ಇಲ್ಲಿ ಒಂದು ಎಚ್ಚರ. ಎರಡು ವಾರಕ್ಕೂ ಮೀರಿ ಪ್ರತಿದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡವೆನಿಸುತ್ತಿದೆ ಎಂದಾದರೆ ಅದನ್ನು ಆತ್ಮದ ಒಣತನವೆಂದು ಸಹಿಸಬೇಡಿ, ಅದು ಚಿಕಿತ್ಸೆ ಇರುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರ ಬಳಿ ಹೋಗುವುದರಿಂದ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ.

ನಾಲ್ಕನೆಯದು ಅಣ್ಣ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ದಾರಿಗಳು. ಕೆಲವರು ಈ ಸ್ಥಿತಿಯಲ್ಲಿ ಗಾಯನ ವೃಂದವನ್ನೇ ಬಿಟ್ಟುಬಿಡುತ್ತಾರೆ. ಮನಸ್ಸು ಒಣಗಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದೆಂಬುದು ಇಗ್ನೇಷಿಯಸರ ನಿಯಮ, ನಾನು ಅದನ್ನೇ ಹೇಳುತ್ತೇನೆ. ಅಪ್ಪನನ್ನು ಕಳೆದುಕೊಂಡ ವರ್ಷ ಜೊತೆಗಾರರನ್ನೂ ಕಳೆದುಕೊಂಡರೆ ಒಂಟಿತನ ಹೆಚ್ಚುತ್ತದೆ. ಕೆಲವರು ಡಿಸೆಂಬರ್‌ನಲ್ಲಿ ಮೂರು ದಿನದ ಧ್ಯಾನಕೂಟಕ್ಕೆ ಹೋಗುತ್ತಾರೆ. ರಜೆ ಸಿಗುವುದಾದರೆ ಒಳ್ಳೆಯದೇ. ಆದರೆ ಅಲ್ಲಿ ಉಕ್ಕಿದ ಭಾವ ಮನೆಗೆ ಬಂದ ನಾಲ್ಕನೆಯ ದಿನಕ್ಕೆ ಇಳಿಯುತ್ತದೆ, ಆಗ ಹಳೆಯ ಭಯ ಇಮ್ಮಡಿಯಾಗುತ್ತದೆ. ನಿಮಗೆ ನಾನು ಹೇಳುವುದು ಹೊಸದನ್ನು ಸೇರಿಸುವುದಕ್ಕಿಂತ ಇರುವುದರಲ್ಲಿ ಕೆಲವನ್ನು ಇಳಿಸುವುದು. ಕ್ಯಾರಲ್ಸ್ ಇಷ್ಟೇ ರಾತ್ರಿ ಎಂದು ಮೊದಲೇ ಹೇಳಿಬಿಡಿ, ಮೂರು ಸಾಕು. ಕಜ್ಜಾಯ ಇರಲಿ, ಅಪ್ಪನಿಗೆ ಇಷ್ಟವಿದ್ದಿರಬಹುದು. ಕಲ್ಕಲ್ ಈ ಸಲ ಅಂಗಡಿಯಿಂದ ಬರಲಿ. ಗ್ಲೋರಿಯದ ಅಭ್ಯಾಸವನ್ನು ಡಿಸೆಂಬರ್ 16ರೊಳಗೆ ಮುಗಿಸಿ ಆಮೇಲೆ ಅದನ್ನು ಮುಟ್ಟದಿರೋಣ ಎಂದು ವೃಂದದ ಮುಖ್ಯಸ್ಥರನ್ನು ಕೇಳಿ ನೋಡಿ. ಎಂಟು ದಿನದಲ್ಲಿ ಯಾರೂ ರಾಗ ಮರೆಯುವುದಿಲ್ಲ.

ಪ್ರಾರ್ಥನೆಗೆ ದಿನಕ್ಕೆ 12 ನಿಮಿಷ ಇಡಿ, ಮನೆಯಲ್ಲಿ ಬೇರೆಯವರು ಏಳುವ ಮುಂಚೆ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ, ಬೈಬಲ್ ಪುಸ್ತಕದಲ್ಲೇ ಓದಿ. ಎರಡು ನಿಮಿಷ ಸುಮ್ಮನೆ ಕೂತು ಉಸಿರು ತಹಬದಿಗೆ ಬರಲಿ. ಅಂದಿನ ಭಾಗವನ್ನು ಎರಡು ಸಲ ಮೆಲ್ಲಗೆ, ಬಾಯಿಬಿಟ್ಟು ಓದಿ, ಮೂರು ನಿಮಿಷ ಸಾಕು. ಆಮೇಲಿನ ಐದು ನಿಮಿಷ ಆ ಜಾಗದಲ್ಲೇ ಇರಿ: ಯಾರಿದ್ದಾರೆ, ಏನು ಮಾತಾಡುತ್ತಿದ್ದಾರೆ, ಏನು ಮಾಡುತ್ತಿದ್ದಾರೆ. ನಜರೇತಿನಿಂದ ಬೆತ್ಲೆಹೇಮಿನ ದಾರಿ ಎಷ್ಟು ಅಗಲ, ಏರೋ ಇಳಿಜಾರೋ ಎಂದೂ ಕಲ್ಪಿಸಿಕೊಳ್ಳಿ ಎನ್ನುತ್ತಾರೆ ಇಗ್ನೇಷಿಯಸರು. ಆ ಮನೆಯವರಿಗೆ ನೀರು ತಂದುಕೊಡುವ ಆಳಿನಂತೆ ಮೂಲೆಯಲ್ಲಿ ನಿಲ್ಲಿ ಎನ್ನುವ ಧಾಟಿ ಅವರದು. ಕಡೆಯ ಎರಡು ನಿಮಿಷ ದೇವರೊಡನೆ ನಿಮ್ಮ ಮನೆಮಾತಿನಲ್ಲಿ ಮಾತಾಡಿ. “ಏನೂ ಅನಿಸುತ್ತಿಲ್ಲ ಸ್ವಾಮಿ” ಎಂಬುದೂ ಪ್ರಾರ್ಥನೆಯೇ. ಇದು ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಮೊದಲ ದಿನವೇ ಒಂದು ಗಂಟೆ ಕೂತು ಐದನೆಯ ದಿನಕ್ಕೆ ಕೈಬಿಡುವುದು ಒಂದು. ಎರಡು ದಿನ ತಪ್ಪಿದರೆ ಮೂರನೆಯ ದಿನ ಬಾಕಿಯನ್ನೆಲ್ಲ ಸೇರಿಸಿ ತೀರಿಸಲು ಹೋಗುವುದು ಇನ್ನೊಂದು. ತಪ್ಪಿದ್ದು ತಪ್ಪಿತು, ಇಂದಿನ 12 ನಿಮಿಷ ಇಂದಿಗೆ.

ಆಗಮನ ಕಾಲ ಶುರುವಾಗುವುದು ನವೆಂಬರ್ 30ಕ್ಕೆ ಹತ್ತಿರದ ಭಾನುವಾರ. ಹಾಗಾಗಿ ಅದು ವರ್ಷಕ್ಕೆ ತಕ್ಕಂತೆ 22ರಿಂದ 28 ದಿನ. ಡಿಸೆಂಬರ್ 16ರವರೆಗೆ ಯೆಶಾಯನ ಪುಸ್ತಕದ ವಾಚನಗಳೇ ಸಾಕು. 17ರಿಂದ ದಾರಿ ಕಿರಿದಾಗಿ ನೇರ ಗೋದಲಿಯ ಕಡೆ ಹೋಗುತ್ತದೆ, ಅಂದಿನಿಂದ ಪೂಜೆಯ ಶುಭಸಂದೇಶವನ್ನೇ ಹಿಡಿಯಿರಿ. 17ರಂದು ಮತ್ತಾಯ 1ರ ವಂಶಾವಳಿ. ಹೆಚ್ಚಿನವರು ಅದನ್ನು ಹಾರಿಸಿಬಿಡುತ್ತಾರೆ, ನೀವು ಒಂದೊಂದು ಹೆಸರನ್ನೂ ಓದಿ. ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ, ಎಷ್ಟು ನೋವು ತುಂಬಿದ ಮನೆತನ ಅದು. ಓದಿ ಮುಗಿದ ಮೇಲೆ ನಿಮ್ಮ ಮನೆಯ ತೀರಿಕೊಂಡವರ ಹೆಸರುಗಳನ್ನು ಹೇಳಿ, ಕೊನೆಯಲ್ಲಿ ಅಪ್ಪನ ಹೆಸರು. ಸಾಧ್ಯವಾದರೆ ಅಂದೇ ಅಪ್ಪನಿಗಾಗಿ ಒಂದು ಪೂಜೆ ಕೊಡಿ. 18ಕ್ಕೆ ಜೋಸೆಫರ ಕನಸು. 19ಕ್ಕೆ ಸ್ನಾನಿಕ ಯೊವಾನ್ನನ ತಂದೆ ಜಕರೀಯ: ಧೂಪದ ನಡುವೆ, ಪೀಠದ ಬಳಿ, ಸೇವೆಯಲ್ಲಿ ನಿಂತಿದ್ದಾಗಲೇ ದೂತನ ಮಾತನ್ನು ನಂಬಲಾರದೆ ಮೂಕನಾದವನು. ಗಾಯನ ವೃಂದದ ನಡುವೆ ಒಣಗಿ ನಿಂತವರಿಗೆ ಅವನಿಗಿಂತ ಹತ್ತಿರದ ಜೊತೆಗಾರ ಸಿಗಲಾರ. 20ಕ್ಕೆ ಮರಿಯಮ್ಮನವರಿಗೆ ಬಂದ ವಾರ್ತೆ, 21ಕ್ಕೆ ಎಲಿಜಬೇತಮ್ಮನ ಮನೆ, 22ಕ್ಕೆ ಮರಿಯಮ್ಮನವರ ಸ್ತುತಿಗೀತೆ, 23ಕ್ಕೆ ಸ್ನಾನಿಕ ಯೊವಾನ್ನನ ಜನನ. 24ರ ಬೆಳಿಗ್ಗೆ, ಒಂಬತ್ತು ತಿಂಗಳು ಮುಚ್ಚಿದ್ದ ಜಕರೀಯನ ಬಾಯಿ ಬಿಚ್ಚಿ ಬಂದ ಹಾಡು.

ಗೋದಲಿಗೆ ಹಸಿರು ಬೇಕಲ್ಲ, ಅದನ್ನೂ ಪ್ರಾರ್ಥನೆಗೆ ಕಟ್ಟಿಕೊಳ್ಳಿ. ಡಿಸೆಂಬರ್ 12ರ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ, ಮರುದಿನ ತಟ್ಟೆಯಲ್ಲಿ ಎರಡು ಬೆರಳು ಕೆಮ್ಮಣ್ಣು ಹರಡಿ ಬಿತ್ತಿ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಮಕ್ಕಳ ಕೈಯಲ್ಲಿ ನೀರು ಚಿಮುಕಿಸಿ. ನೀರು ನಿಂತರೆ ಬೂಸ್ಟು ಹಿಡಿಯುತ್ತದೆ, ಬೆಳಕಿಲ್ಲದಿದ್ದರೆ ಪೈರು ಹಳದಿಯಾಗುತ್ತದೆ. 24ಕ್ಕೆ ನಾಲ್ಕು ಬೆರಳೆತ್ತರ ಬಂದಿರುತ್ತದೆ. ಬಾಲಯೇಸುವಿನ ತೊಟ್ಟಿಲು ಆ ರಾತ್ರಿಯವರೆಗೆ ಖಾಲಿ ಇರಲಿ.

ಪಾಪನಿವೇದನೆಗೆ ಮೂರನೆಯ ವಾರದೊಳಗೆ ಹೋಗಿ. 23, 24ರ ಸಾಲಿನಲ್ಲಿ ನಿಮಗೂ ಸಮಾಧಾನವಿರುವುದಿಲ್ಲ, ಒಳಗೆ ಕೂತ ಗುರುಗಳಿಗೂ ಇರುವುದಿಲ್ಲ. ಹಿಂದಿನ ರಾತ್ರಿ ಹತ್ತು ನಿಮಿಷ ಕೂತು ಚೀಟಿಯಲ್ಲಿ ಬರೆದುಕೊಳ್ಳಿ, ಹೇಳಿದ ಮೇಲೆ ಹರಿದುಹಾಕಿ. ‘ಮುಚ್ಚಿಟ್ಟ ಪಾಪ’ವನ್ನು ಹುಡುಕುತ್ತ ಅಗೆಯಬೇಡಿ. ಬೇಕೆಂದೇ ಅಡಗಿಸದೆ, ನೆನಪಿಗೆ ಬಾರದೆ ಉಳಿದದ್ದೂ ಆ ಕ್ಷಮೆಯಲ್ಲಿ ಸೇರಿಹೋಗುತ್ತದೆ. ಅಣ್ಣನ ವಿಷಯ ಬಂದಾಗ ನಿಮ್ಮ ಪಾಲಿನದ್ದನ್ನು ಹೇಳಿ, ಅಣ್ಣನ ಪಾಲಿನದ್ದನ್ನು ಅಲ್ಲಿ ಹೇಳಬೇಡಿ.

ಆ ಅಣ್ಣನ ಮಾತು ಈಗ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನ ಮಾಡಿಕೊ ಎಂದರು ಯೇಸುಸ್ವಾಮಿ (ಮತ್ತಾಯ 5). ಇಡೀ ಆಗಮನ ಕಾಲದಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಶಕ್ತಿಯಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ. ಆದರೆ ಜಮೀನನ್ನೂ ಸಮಾಧಾನವನ್ನೂ ಬೆರೆಸಬೇಡಿ. ಹಬ್ಬದ ಹುರುಪಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಆಮೇಲೆ ಹುಟ್ಟುವ ಕಹಿ ಈಗಿನದಕ್ಕಿಂತ ಕೆಟ್ಟದ್ದು. ಅಪ್ಪ ಉಯಿಲು ಬರೆದಿಲ್ಲದಿದ್ದರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಅವರ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಅಮ್ಮನಿಗೆ, ಉಳಿದದ್ದು ಮಕ್ಕಳಿಗೆ ಗಂಡು ಹೆಣ್ಣೆನ್ನದೆ ಸಮ. ಅದನ್ನು ಜನವರಿಯಲ್ಲಿ ವಕೀಲರ ಮುಂದೆ ಕೂತು ನೋಡಿಕೊಳ್ಳಬಹುದು. ಈಗ ಬೇಕಾದದ್ದು ಒಂದು ಫೋನು, ಡಿಸೆಂಬರ್ 10ರೊಳಗೆ, ಭಾನುವಾರ ಪೂಜೆ ಮುಗಿದ ಹೊತ್ತಿಗೆ. ವಾಟ್ಸಾಪ್‌ನಲ್ಲಿ ಬರೆಯಬೇಡಿ, ಅಲ್ಲಿ ದನಿ ಕೇಳಿಸುವುದಿಲ್ಲ. ಮೂರೇ ಮಾತು: “ಅಣ್ಣ, ಅಪ್ಪ ಇಲ್ಲದ ಮೊದಲ ಕ್ರಿಸ್ಮಸ್ ಇದು. ಜಮೀನಿನ ಮಾತು ಇನ್ನೊಂದು ದಿನ ಆಡೋಣ. ಹಬ್ಬದ ದಿನ ಅಮ್ಮನನ್ನು ಕರಕೊಂಡು ಬರ್ತೀನಿ.” ಅವರು ಜಮೀನು ತೆಗೆದರೆ ಎರಡನೆಯ ಮಾತನ್ನೇ ಮತ್ತೊಮ್ಮೆ ಹೇಳಿ, ಫೋನ್ ಇಡಿ. ಬೇಡ ಎಂದರೆ ಒತ್ತಾಯಿಸಬೇಡಿ. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರೊಡನೆ ಸಮಾಧಾನದಿಂದಿರಿ ಎಂಬುದು ಪೌಲನ ಮಾತು. ನಿಮ್ಮ ಮಟ್ಟ ಅಲ್ಲಿಗೆ ತಲುಪಿತು.

24ರಂದು ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಮಲಗಿ. ರಾತ್ರಿ ಊಟವನ್ನೂ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿ. ಪರಮಪ್ರಸಾದಕ್ಕೆ ಮುಂಚೆ ಬೇಕಾದ ಉಪವಾಸ ಒಂದೇ ಗಂಟೆ, ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಆ ರಾತ್ರಿ ಹಾಡುವುದೇ ನಿಮ್ಮ ಕಾಣಿಕೆ, ಅದನ್ನು ಚೆನ್ನಾಗಿ ಹಾಡಿ, ಒಳಗೆ ಏನಾಗುತ್ತಿದೆ ಎಂದು ಇಣುಕಿ ನೋಡುತ್ತಿರಬೇಡಿ. 1886ರ ಕ್ರಿಸ್ಮಸ್ ರಾತ್ರಿ ಲಿಸಿಯದ ಸಂತ ತೆರೇಸಮ್ಮನವರಿಗೆ, ಆಗ ಇನ್ನೂ 13 ವರ್ಷದ ಹುಡುಗಿ, ಬಾಳು ತಿರುಗಿಸಿದ ಕೃಪೆ ಸಿಕ್ಕಿತು. ಸಿಕ್ಕಿದ್ದು ದೇವಾಲಯದಲ್ಲಲ್ಲ. ಪೂಜೆಯಿಂದ ಮನೆಗೆ ಬಂದ ಮೇಲೆ, ದಣಿದ ಅಪ್ಪ ಬೇಸರದಿಂದ ಆಡಿದ ಒಂದು ಮಾತು ಕಿವಿಗೆ ಬಿದ್ದು ಕಣ್ಣು ತುಂಬಿದಾಗ, ಮೆಟ್ಟಿಲ ಮೇಲೆ. ಅಳುವನ್ನು ನುಂಗಿ ಕೆಳಗಿಳಿದು ಬಂದು ಅಪ್ಪನೊಡನೆ ನಕ್ಕರು. ಅದನ್ನೇ ತಮ್ಮ ಸಂಪೂರ್ಣ ಪರಿವರ್ತನೆ ಎಂದು ಅವರು ಆಮೇಲೆ ಕರೆದರು.

ಕ್ರಿಸ್ಮಸ್‌ಗೆ ಒಂದೇ ಪೂಜೆ ಇರುವುದಲ್ಲ. ಜಾಗರಣೆಯದು, ರಾತ್ರಿಯದು, ಮುಂಜಾವಿನದು, ಹಗಲಿನದು ಎಂದು ನಾಲ್ಕು ಬಗೆ, ಒಂದೊಂದಕ್ಕೂ ಬೇರೆ ವಾಚನ. ರಾತ್ರಿ ಕೇಳುವುದು ದೂತರ ಹಾಡಿನವರೆಗೆ ಮಾತ್ರ. ಕುರುಬರು ಕತ್ತಲಲ್ಲಿ ನಡೆದು ಮಗುವನ್ನು ಕಂಡದ್ದು ಮುಂಜಾವಿನ ಪೂಜೆಯಲ್ಲಿದೆ, ವಾಕ್ಯವು ಮನುಷ್ಯರಾದದ್ದು ಹಗಲಿನದರಲ್ಲಿ. ಎಂದರೆ ಗಾಯನ ವೃಂದದವರಿಗೆ ಕಥೆ ಪ್ರತಿವರ್ಷ ಅರ್ಧಕ್ಕೇ ನಿಲ್ಲುತ್ತದೆ. ಈ ಸಲ 25ರ ಬೆಳಿಗ್ಗೆ ನಿಮ್ಮ ಧರ್ಮಕೇಂದ್ರದಲ್ಲೋ ಪಕ್ಕದ್ದರಲ್ಲೋ ಇನ್ನೊಂದು ಪೂಜೆಗೆ ಹೋಗಿ. ರಾತ್ರಿ ಪರಮಪ್ರಸಾದ ಸ್ವೀಕರಿಸಿದ್ದರೂ ಪೂಜೆಯಲ್ಲಿ ಪೂರ್ತಿ ಭಾಗವಹಿಸಿ ಮತ್ತೊಮ್ಮೆ ಸ್ವೀಕರಿಸಬಹುದು. ಹಾಡಿನ ಪುಸ್ತಕ ಮನೆಯಲ್ಲಿರಲಿ. ಹಿಂದಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂರಿ. ಗಂಡ ಹೋದ ಮೇಲಿನ ಅವರ ಮೊದಲ ಹಬ್ಬವೂ ಅದೇ. ಅವರ ಕೈ ಹಿಡಿದುಕೊಂಡು ಶುಭಸಂದೇಶ ಕೇಳಿ.

ಅಲ್ಲಿಂದ ಕಜ್ಜಾಯದ ಡಬ್ಬಿ ತೆಗೆದುಕೊಂಡು ಅಣ್ಣನ ಮನೆಗೆ. ಅವರು ಬರಬೇಡ ಎಂದಿದ್ದರೆ ಡಬ್ಬಿಯನ್ನು ಯಾರ ಕೈಯಲ್ಲಾದರೂ ಕಳಿಸಿ. ಕ್ರಿಸ್ಮಸ್ ಕಾಲ 25ಕ್ಕೆ ಮುಗಿಯುವುದಿಲ್ಲ, ಜನವರಿಯಲ್ಲಿ ಯೇಸುಸ್ವಾಮಿಯ ದೀಕ್ಷಾಸ್ನಾನದ ಹಬ್ಬದವರೆಗೆ ಇರುತ್ತದೆ. ಅಲ್ಲಿಯವರೆಗೆ ಗೋದಲಿಯನ್ನು ತೆಗೆಯಬೇಡಿ, ಬೆಳಗಿನ 12 ನಿಮಿಷವನ್ನೂ ಬಿಡಬೇಡಿ. ರಾಗಿ ಪೈರಿಗೆ ನೀರು ಹಾಕುತ್ತಿರಿ.